ಬ್ಲಾಗಿಗೆ ಹಾಕಿದ ಕವನ 'ಪ್ರಕಟಿತ'ವಾ?

ಈ ಸಲದ ಸಂಚಿಕೆಗೆ ಬಂದ ಕವನಗಳನ್ನು ಆರಿಸಲಿಕ್ಕೆ ನಾವು ಆರು ಜನ ಪರ್ಕಳದ ನಮ್ಮ ರೂಮಿನಲ್ಲಿ ಕೂತಿದ್ದೆವು. ಸೆಕೆಂಡ್ ಇಯರಿನ ಒಬ್ಬಳ ಕವನ ಎಲ್ಲರಿಗೂ ಹಿಡಿಸಿತು. ಅಜ್ಜಿಮನೆ ಮಾರಿದ ದಿನದ ಬಗ್ಗೆ ಬರೆದದ್ದು. ಅಷ್ಟರಲ್ಲಿ ಒಬ್ಬ ಮೊದಲ ಸಾಲನ್ನು ಗೂಗಲ್‌ಗೆ ಹಾಕಿ ನೋಡಿದ. ಆರು ತಿಂಗಳ ಹಿಂದೆಯೇ ಅವಳ ಬ್ಲಾಗಿನಲ್ಲಿ ಉಂಟು! 'ಎಲ್ಲೂ ಪ್ರಕಟವಾಗಿರಬಾರದು' ಅಂತ ನಮ್ಮ ಫಾರ್ಮಿನಲ್ಲಿ ನಾವೇ ಬರೆದದ್ದು. ಕವನವನ್ನು ತೆಗೆದಿಟ್ಟೆವು. ತಿಳಿಸಿದಾಗ ಅವಳು ಕೇಳಿದ್ದು ಇಷ್ಟೇ: "ಅಣ್ಣಾ, ಅದನ್ನು ಒಂಬತ್ತು ಸಲ ಓದಿದ ಲೆಕ್ಕ ಉಂಟು. ಅದರಲ್ಲಿ ನಾಲ್ಕು ಸಲ ನಾನೇ. ಅದು ಪ್ರಕಟಣೆ ಹೇಗಾಗ್ತದೆ?"

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಹಾಗಾಗಿ ಕೂತು ಓದಿದೆವು. ಓದಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಕಾನೂನು ಏನು ಹೇಳುತ್ತದೆ?

ನಮ್ಮ ದೇಶದ 1957ರ ಕಾಪಿರೈಟ್ ಕಾಯ್ದೆಯ 3ನೇ ಕಲಮಿನ ಪ್ರಕಾರ, ಪ್ರತಿಗಳನ್ನು ಹಂಚುವುದು ಅಥವಾ ಕೃತಿಯನ್ನು ಸಾರ್ವಜನಿಕರಿಗೆ ತಲುಪಿಸುವುದು, ಎರಡೂ ಪ್ರಕಟಣೆಯೇ. ಯಾರಾದರೂ ನಿಜವಾಗಿ ನೋಡಿದರೋ ಇಲ್ಲವೋ ಎಂಬುದು ಮುಖ್ಯವಲ್ಲ, ನೋಡಲು ಸಿಗುವಂತೆ ಇಟ್ಟರೆ ಸಾಕು. ಅಂದರೆ ಒಂಬತ್ತು ಸಲದ ವಾದ ಇಲ್ಲಿ ನಿಲ್ಲುವುದಿಲ್ಲ. ಬ್ಲಾಗಿನ ಆ ಬಟನ್ನಿನ ಹೆಸರೇ 'ಪಬ್ಲಿಶ್' ಅಲ್ವಾ?

ಆದರೆ ಹೆದರಬೇಡಿ. ಬ್ಲಾಗಿಗೆ ಹಾಕಿದ ಮಾತ್ರಕ್ಕೆ ಕವನದ ಹಕ್ಕು ಕೈಬಿಟ್ಟು ಹೋಗುವುದಿಲ್ಲ. ಬರೆದ ಕ್ಷಣದಿಂದ ಅದು ನಿಮ್ಮದೇ, ನೋಂದಣಿ ಕಡ್ಡಾಯವಲ್ಲ. ಕವಿ ತೀರಿಕೊಂಡು 60 ವರ್ಷಗಳವರೆಗೂ ಹಕ್ಕು ಉಳಿಯುತ್ತದೆ.

ಸಂಪಾದಕರು ಏನು ನೋಡುತ್ತಾರೆ?

ಪತ್ರಿಕೆಯವರು 'ಅಪ್ರಕಟಿತ' ಅಂತ ಕೇಳುವುದು ಕಾಯ್ದೆಗೋಸ್ಕರ ಅಲ್ಲ. ದುಡ್ಡು ಕೊಟ್ಟು ಪತ್ರಿಕೆ ಕೊಂಡ ಓದುಗನಿಗೆ ಹೊಸದು ಸಿಗಬೇಕು, ಕವಿತೆ ಮೊದಲು ಬಂದದ್ದು ತಮ್ಮಲ್ಲಿ ಎಂಬ ಹೆಮ್ಮೆ ಬೇಕು. ಸ್ಪರ್ಧೆಗಳಲ್ಲಂತೂ ಇನ್ನೊಂದು ಕಾರಣ ಉಂಟು: ಹೆಸರು ಮುಚ್ಚಿಟ್ಟು ತೀರ್ಪು ಕೊಡುವಾಗ, ಒಂದು ಸಾಲು ಹುಡುಕಿದರೆ ಕವಿ ಯಾರೆಂದು ಗೊತ್ತಾಗಬಾರದು.

ಹಾಗಂತ ಎಲ್ಲರ ನಿಯಮವೂ ಒಂದೇ ಅಲ್ಲ. ಅಮೆರಿಕದ 'ದ ನ್ಯೂಯಾರ್ಕರ್' ಸ್ವಂತ ಬ್ಲಾಗಿನಲ್ಲಿ ಬಂದ ಕವನವನ್ನೂ ತೆಗೆದುಕೊಳ್ಳುವುದಿಲ್ಲ ಎನ್ನುತ್ತದೆ. ಅಲ್ಲಿನದೇ ಕವಿತಾ ಪತ್ರಿಕೆ 'ರ್‍ಯಾಟಲ್', ಬ್ಲಾಗಿನಲ್ಲಿ ತಾನೇ ಹಾಕಿಕೊಂಡದ್ದನ್ನು ಪ್ರಕಟಣೆ ಎಂದು ಎಣಿಸುವುದಿಲ್ಲ. ಹಾಗಾಗಿ ಇದು ಆಯಾ ಸಂಪಾದಕರ ನಿಯಮ, ಅಷ್ಟೇ.

ನಂದಳಿಕೆಯ ಕಥೆ

ನಮ್ಮ ಕಾರ್ಕಳ ತಾಲೂಕಿನ ನಂದಳಿಕೆಯ ಮುದ್ದಣ (1870–1901) ನೆನಪಾಗದೆ ಇರಲಿಲ್ಲ. ಉಡುಪಿಯಲ್ಲಿ ಮೇಷ್ಟ್ರಾಗಿದ್ದ ಲಕ್ಷ್ಮೀನಾರಣಪ್ಪ ತಾನೇ ಬರೆದ ಕಾವ್ಯಗಳನ್ನು ಯಾರೋ ಹಳೆಯ ಕವಿಯದ್ದು ಎಂಬಂತೆ ಮೈಸೂರಿಗೆ ಕಳಿಸಿದರು. ಅಚ್ಚೂ ಆದವು. ಆಗ ಹಳೆಯದು ಎಂದರೆ ಬೆಲೆ, ಹೊಸ ಕವಿಯನ್ನು ಕೇಳುವವರು ಕಡಿಮೆ. ಈಗ ತಿರುಗುಮುರುಗು: ಆರು ತಿಂಗಳ ಕವನವೂ 'ಹಳೆಯದು'. ಕವಿತೆ ಚೆನ್ನಾಗಿದೆಯಾ ಎನ್ನುವುದಕ್ಕಿಂತ ಅದರ ಜಾತಕವೇ ಮೊದಲು ಬರುವುದು ಮಾತ್ರ ಬದಲಾಗಿಲ್ಲ.

ಕಳಿಸುವ ಮೊದಲು

ಸ್ಪರ್ಧೆಗೋ ವಿಶೇಷಾಂಕಕ್ಕೋ ಕಳಿಸುವ ಆಸೆ ಇದ್ದರೆ ಕವನವನ್ನು ಡ್ರಾಫ್ಟಿನಲ್ಲೇ ಇಡಿ. ಫಲಿತಾಂಶ ಬಂದ ಮೇಲೆ ಬ್ಲಾಗಿಗೆ ಹಾಕಬಹುದು.

ಹಾಕಿಯಾಗಿದ್ದರೆ ಡಿಲೀಟ್ ಮಾಡಿ ಸುಮ್ಮನಿರಬೇಡಿ. ಇಂಟರ್‌ನೆಟ್ ಆರ್ಕೈವಿನಲ್ಲಿ ಪ್ರತಿ ಉಳಿದಿರಬಹುದು. ಉಳಿಯದಿದ್ದರೂ ಪ್ರಕಟವಾದದ್ದು ಆಗಿಯೇ ಹೋಯಿತು. ಸಂಪಾದಕರಿಗೆ ಒಂದು ಸಾಲು ಬರೆದು ಕೇಳಿ. 'ಬೇಡ' ಎಂದರೆ ಒಂದು ಕವನ ಹೋಯಿತು, ಮುಚ್ಚಿಟ್ಟು ಸಿಕ್ಕಿಬಿದ್ದರೆ ಹೆಸರೇ ಹೋಗುತ್ತದೆ.

ನಾಲ್ಕು ಶಬ್ದ ಬದಲಿಸಿ 'ಹೊಸ ಕವನ' ಎನ್ನುವುದೂ ಬೇಡ. ನಿಜವಾಗಿ ತಿದ್ದಿ ಬರೆದಿದ್ದರೆ ಹಾಗೆಂದೇ ಹೇಳಿ.

ನಮ್ಮ ತೀರ್ಮಾನ

ನಾವು ಸಂಭಾವನೆ ಕೊಡುವವರಲ್ಲ, ಬಹುಮಾನವೂ ಇಲ್ಲ. ಹಾಗಿದ್ದ ಮೇಲೆ ದೊಡ್ಡ ಪತ್ರಿಕೆಯ ನಿಯಮವನ್ನು ಕಾಪಿ ಹೊಡೆದದ್ದು ನಮ್ಮದೇ ತಪ್ಪು. ಫಾರ್ಮ್ ತಿದ್ದಿದ್ದೇವೆ: ಸ್ವಂತ ಬ್ಲಾಗಿನ ಕವನಕ್ಕೆ ಸ್ವಾಗತ, ಮೊದಲೇ ತಿಳಿಸಿದರೆ ಸಾಕು. 'ಮೊದಲು ಕವಿಯ ಬ್ಲಾಗಿನಲ್ಲಿ' ಎಂದು ಕೆಳಗೆ ಹಾಕುತ್ತೇವೆ.

ಇನ್ನೊಂದು ಮಾತು ನಾವು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ನಮ್ಮ ಪತ್ರಿಕೆಯೂ ಆನ್‌ಲೈನ್. ಇಲ್ಲಿ ಬಂದ ಕವನವೂ 'ಪ್ರಕಟಿತ'ವೇ, ಬೇರೆ ಕಡೆಯ ಸ್ಪರ್ಧೆಗೆ ಸಲ್ಲಲಿಕ್ಕಿಲ್ಲ. ಈ ಎಚ್ಚರಿಕೆಯನ್ನೂ ಫಾರ್ಮಿಗೆ ಸೇರಿಸಿ ಅವಳಿಗೆ ಫೋನ್ ಮಾಡಿದೆವು: "ಯೋಚನೆ ಮಾಡಿ ಹೇಳು ಮಾರಾಯ್ತಿ."

ಎರಡು ದಿನ ಬಿಟ್ಟು 'ಹಾಕಿ' ಅಂದಳು. ಅಜ್ಜಿಮನೆಯ ಕವನ ಇದೇ ಸಂಚಿಕೆಯಲ್ಲಿ ಉಂಟು, ಓದಿ.