ಚಳಿಗಾಲದ ಹಿತ್ತಲಲ್ಲಿ ಟ್ರೌಟ್ ಮೀನು ಮತ್ತು ತರಕಾರಿ



ಕೊಟ್ಟಿಗೆಯ ಸಗಣಿ ತಿಪ್ಪೆಗೆ, ತಿಪ್ಪೆಯ ಗೊಬ್ಬರ ಹೊಲಕ್ಕೆ, ಹೊಲದ ಮೇವು ಮತ್ತೆ ಗೋದಲಿಗೆ. ಈ ಸುತ್ತು ತಮಗೆಲ್ಲ ತಿಳಿದದ್ದೇ. ಇದೇ ಸುತ್ತನ್ನು ಮಣ್ಣಿಲ್ಲದೆ, ನೀರಿನಲ್ಲಿಯೇ ನಡೆಸುವ ಪದ್ಧತಿಗೆ ಅಕ್ವಾಪಾನಿಕ್ಸ್ ಎಂದು ಹೆಸರು. ತೊಟ್ಟಿಯಲ್ಲಿ ಮೀನು, ಪಕ್ಕದ ಜಲ್ಲಿ ಪಾತಿಯಲ್ಲಿ ತರಕಾರಿ. ಮೀನಿನ ಹೊಲಸು ಗಿಡಕ್ಕೆ ಗೊಬ್ಬರವಾಗುತ್ತದೆ, ಗಿಡದಿಂದ ಶುದ್ಧವಾದ ನೀರು ಮೀನಿಗೆ ಮರಳುತ್ತದೆ.

ಆಸ್ಟ್ರೇಲಿಯಾ ದೇಶದ ದಕ್ಷಿಣ ಭಾಗದಲ್ಲಿ, ಪರ್ತ್, ಅಡಿಲೇಡ್, ಮೆಲ್ಬೋರ್ನ್ ಕಡೆಯ ಹಿತ್ತಲುಗಳಲ್ಲಿ ಅನೇಕ ಕುಟುಂಬಗಳು ಈ ರೀತಿ ಚಳಿಗಾಲದಲ್ಲಿ ಟ್ರೌಟ್ ಮೀನು ಸಾಕುತ್ತವೆ. ಅಲ್ಲಿ ಚಳಿಗಾಲವೆಂದರೆ ಜೂನ್‌ನಿಂದ ಆಗಸ್ಟ್, ಅಂದರೆ ನಮ್ಮ ಮಳೆಗಾಲದ ತಿಂಗಳುಗಳು. ಜುಲೈನಲ್ಲಿ ಪರ್ತ್ ನಗರದ ಹಗಲಿನ ಉಷ್ಣಾಂಶ ಸುಮಾರು 18 ಡಿಗ್ರಿ ಸೆಲ್ಸಿಯಸ್, ರಾತ್ರಿ ಸುಮಾರು 8 ಡಿಗ್ರಿ. ಈ ಪದ್ಧತಿ ಅಲ್ಲಿ ಹೇಗೆ ನಡೆಯುತ್ತದೆ, ಎಲ್ಲಿ ಕೆಡುತ್ತದೆ, ಅದರಿಂದ ನಾವು ಏನು ತಿಳಿಯಬಹುದು ಎಂಬುದೇ ಈ ಪಾಠ.

ಹೆಪ್ಪು ಇಲ್ಲದೆ ಮೊಸರಿಲ್ಲ

ಮೀನಿನ ಹೊಲಸು ನೇರವಾಗಿ ಗಿಡಕ್ಕೆ ಗೊಬ್ಬರವಾಗುತ್ತದೆ ಎಂದು ತಿಳಿಯುವುದು ತಪ್ಪು. ಮೀನು ಮುಖ್ಯವಾಗಿ ಕಿವಿರುಗಳ ಮೂಲಕ ಅಮೋನಿಯಾ ಹೊರಬಿಡುತ್ತದೆ. ಗಂಜಲ ನಿಂತ ಕೊಟ್ಟಿಗೆಯಲ್ಲಿ ಕಣ್ಣು ಉರಿಸುವ ಘಾಟು ಇದೇ ಅನಿಲದ್ದು. ನೀರಿನಲ್ಲಿ ಇದು ಹೆಚ್ಚಾದರೆ ಮೀನಿಗೆ ವಿಷ.

ಜಲ್ಲಿಕಲ್ಲಿನ ಮೈಮೇಲೆ ಬೆಳೆಯುವ ಒಂದು ಗುಂಪಿನ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತದೆ. ಅದೂ ಮೀನಿಗೆ ವಿಷವೇ. ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತದೆ. ಈ ನೈಟ್ರೇಟ್ ಮೀನಿಗೆ ಅಷ್ಟಾಗಿ ತೊಂದರೆ ಮಾಡುವುದಿಲ್ಲ. ಗಿಡಗಳಿಗೆ ಇದು ಒಳ್ಳೆಯ ಸಾರಜನಕ.

ಹಾಲಿಗೆ ಹೆಪ್ಪು ಹೇಗೋ ಈ ಪದ್ಧತಿಗೆ ಈ ಬ್ಯಾಕ್ಟೀರಿಯಾ ಹಾಗೆ. ಚಳಿಗಾಲದಲ್ಲಿ ಮೊಸರು ತಡವಾಗಿ ಹೆಪ್ಪುಗಟ್ಟುವುದನ್ನು ಪ್ರತಿ ಮನೆಯಲ್ಲೂ ನೋಡಿದ್ದೇವೆ. ಇಲ್ಲಿಯೂ ಅದೇ ನಿಯಮ. ಈ ಬ್ಯಾಕ್ಟೀರಿಯಾ 17 ಡಿಗ್ರಿಗಿಂತ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ. 10 ಡಿಗ್ರಿಗಿಂತ ಕೆಳಗೆ ಅದರ ಕೆಲಸ ಅರ್ಧಕ್ಕೂ ಇಳಿಯುತ್ತದೆ.

ಚಳಿಗಾಲದ ಇಕ್ಕಟ್ಟು

ರೇನ್‌ಬೋ ಟ್ರೌಟ್ ತಣ್ಣೀರಿನ ಮೀನು. 12ರಿಂದ 16 ಡಿಗ್ರಿ ಅದಕ್ಕೆ ಹಿತ. 20 ಡಿಗ್ರಿ ದಾಟಿದರೆ ಬಳಲುತ್ತದೆ, ಸುಮಾರು 25ರ ಹತ್ತಿರ ಸಾಯುತ್ತದೆ. ಹಾಗಾಗಿ ಇಕ್ಕಟ್ಟು ಇಷ್ಟೇ: ಮೀನಿಗೆ ತಂಪು ಬೇಕು, ಹೆಪ್ಪಿಗೆ ಬೆಚ್ಚಗಿರಬೇಕು.

ಚಳಿ ಹಿಡಿದ ಮೇಲೆ ಹೊಸ ತೊಟ್ಟಿ ಕಟ್ಟಿ, ಆ ವಾರವೇ ಮೀನು ಬಿಟ್ಟು, ಹೊಟ್ಟೆ ತುಂಬ ಮೇವು ಹಾಕಿದರೆ ಅಮೋನಿಯಾ ತುಂಬಿ ಮೀನುಗಳು ಸಾಲಾಗಿ ಸಾಯುತ್ತವೆ. ಅನುಭವಸ್ಥರು ಚಳಿಗೆ ಮೊದಲೇ, ಅಲ್ಲಿನ ಲೆಕ್ಕದಲ್ಲಿ ಫೆಬ್ರವರಿ–ಮಾರ್ಚ್‌ನ ಬಿಸಿಲಿನಲ್ಲಿಯೇ ಪಾತಿಗೆ ನೀರು ಹರಿಸಿ ಬ್ಯಾಕ್ಟೀರಿಯಾ ಬೆಳೆಸುತ್ತಾರೆ. ಬೆಚ್ಚಗಿನ ದಿನಗಳಲ್ಲಿ ಇದಕ್ಕೆ 4ರಿಂದ 6 ವಾರ ಬೇಕು. ಹಳೆಯ ಪಾತಿಯಿಂದ ಒಂದು ಬಕೆಟ್ ಹಸಿ ಜಲ್ಲಿ ತಂದು ಸೇರಿಸಿದರೆ ಬೇಗ ಕೂಡುತ್ತದೆ. ಇದು ನೆರೆಮನೆಯಿಂದ ಹೆಪ್ಪು ತಂದ ಹಾಗೆಯೇ.

ನೀರು 20 ಡಿಗ್ರಿಗಿಂತ ಕೆಳಗಿಳಿದ ಮೇಲೆ, ಏಪ್ರಿಲ್ ಕೊನೆ ಅಥವಾ ಮೇ ತಿಂಗಳಲ್ಲಿ ಟ್ರೌಟ್ ಮರಿ ಬಿಡುತ್ತಾರೆ. ನವೆಂಬರ್ ಸುಮಾರಿಗೆ, ಬೇಸಿಗೆಯ ಬಿಸಿ ಏರುವ ಮೊದಲು ಎಲ್ಲವನ್ನೂ ಹಿಡಿದು ಮುಗಿಸುತ್ತಾರೆ.

ತೊಟ್ಟಿ ಮತ್ತು ಪಾತಿ

1. ಮೀನಿನ ತೊಟ್ಟಿ 1000 ಲೀಟರ್‌ಗೆ ಕಡಿಮೆ ಇರಬಾರದು. ಸಣ್ಣ ತೊಟ್ಟಿಯ ನೀರು ಬೇಗ ಕಾಯುತ್ತದೆ, ಬೇಗ ಕೆಡುತ್ತದೆ.

2. ಪಾತಿಯ ಆಳ 30 ಸೆಂಟಿಮೀಟರ್. ಸುಮಾರು 20 ಮಿಲಿಮೀಟರ್ ಗಾತ್ರದ ತೊಳೆದ ಜಲ್ಲಿ ಬೇಕು. ಜಲ್ಲಿಯ ಮೇಲೆ ವಿನೆಗರ್ ಅಥವಾ ನಿಂಬೆರಸ ಬಿಟ್ಟು ನೋಡಿ. ನೊರೆ ಬಂದರೆ ಅದರಲ್ಲಿ ಸುಣ್ಣವಿದೆ, ಬಳಸಬೇಡಿ.

3. ಪಂಪಿನಿಂದ ಪಾತಿಗೆ ನೀರು ತುಂಬಿ, ಮತ್ತೆ ಪೂರ್ತಿ ಬಸಿಯಬೇಕು. ಟೈಮರ್ ಇಟ್ಟು ಗಂಟೆಗೆ 15 ನಿಮಿಷ ಪಂಪ್ ನಡೆಸುವುದು ರೂಢಿ. ನೀರು ಬಸಿದಾಗ ಬೇರಿಗೂ ಬ್ಯಾಕ್ಟೀರಿಯಾಕ್ಕೂ ಗಾಳಿ ಸಿಗುತ್ತದೆ. ತೊಟ್ಟಿಗೆ ಪ್ರತ್ಯೇಕ ಗಾಳಿ ಪಂಪ್ ಇರಲೇಬೇಕು.

4. ತಾಮ್ರದ ಕೊಳವೆ, ಸತುವಿನ ಲೇಪದ ತಗಡು ಕೂಡದು. ಇವು ಟ್ರೌಟ್‌ಗೆ ವಿಷ. ಪ್ಲಾಸ್ಟಿಕ್ ಕೊಳವೆ ಸಾಕು.

5. ಟ್ರೌಟ್ ನೆಗೆಯುವ ಮೀನು. ತೊಟ್ಟಿಗೆ ಬಲೆ ಮುಚ್ಚದಿದ್ದರೆ ಬೆಳಗ್ಗೆ ನೆಲದ ಮೇಲೆ ಸಿಗುತ್ತದೆ.

6. ನೀರಿನ ರಸಸಾರ (ಪಿ.ಎಚ್.) 7ರ ಆಸುಪಾಸಿನಲ್ಲಿರಲಿ. ಕ್ಲೋರಿನ್ ಹಾಕಿದ ನಲ್ಲಿ ನೀರನ್ನು ಒಂದು ದಿನ ಗಾಳಿಯಾಡಿಸಿ ಬಳಸಬೇಕು.

ಮೇವಿನ ಲೆಕ್ಕ

ಹಸುವಿಗೆ ಹಾಲಿನ ಪ್ರಮಾಣ ನೋಡಿ ಹಿಂಡಿ ಕೊಡುತ್ತೇವೆ. ಮೀನಿಗೆ ತೂಕ ಮತ್ತು ಥರ್ಮಾಮೀಟರ್ ನೋಡಿ ಮೇವು ಹಾಕಬೇಕು. ಟ್ರೌಟ್ ಮಾಂಸಾಹಾರಿ. ಇದರ ಮೇವಿನಲ್ಲಿ ಶೇಕಡ 40ಕ್ಕಿಂತ ಹೆಚ್ಚು ಪ್ರೋಟೀನ್ ಇರುತ್ತದೆ.

ಉದಾಹರಣೆ: 1000 ಲೀಟರ್ ತೊಟ್ಟಿಯಲ್ಲಿ 30 ಮೀನು, ಸರಾಸರಿ 120 ಗ್ರಾಂ. ಒಟ್ಟು ತೂಕ 3.6 ಕಿಲೋ. ದಿನಕ್ಕೆ ಶೇಕಡ 1.5ರಂತೆ ಮೇವು 54 ಗ್ರಾಂ. ಪ್ರತಿ 100 ಗ್ರಾಂ ಮೇವಿನಿಂದ ಸುಮಾರು 3 ಗ್ರಾಂ ಅಮೋನಿಯಾ ಬರುತ್ತದೆ. ಅಂದರೆ 54 ಗ್ರಾಂ ಮೇವಿಗೆ ಸುಮಾರು 1.6 ಗ್ರಾಂ. ಪಾತಿ ಕೆಲಸ ಮಾಡದಿದ್ದರೆ ಒಂದೇ ದಿನದಲ್ಲಿ ನೀರಿನ ಪ್ರತಿ ಲೀಟರಿಗೆ 1.6 ಮಿಲಿಗ್ರಾಂ ಸೇರುತ್ತದೆ. ಆದ್ದರಿಂದ ವಾರಕ್ಕೆ ಎರಡು ಸಲ ಪರೀಕ್ಷಾ ದ್ರಾವಣದಿಂದ ನೀರು ನೋಡಬೇಕು. ಅಮೋನಿಯಾ ಅಥವಾ ನೈಟ್ರೈಟ್ ಲೀಟರಿಗೆ ಅರ್ಧ ಮಿಲಿಗ್ರಾಂ ದಾಟಿದರೆ ಮೇವು ನಿಲ್ಲಿಸಿ, ಕಾಲು ಭಾಗ ನೀರು ಬದಲಿಸಬೇಕು. ಮೀನು ಎರಡು ದಿನ ಉಪವಾಸವಿದ್ದರೆ ಸಾಯುವುದಿಲ್ಲ. ಕೆಟ್ಟ ನೀರಿನಲ್ಲಿ ಸಾಯುತ್ತದೆ. ನೈಟ್ರೈಟ್ ಏರಿದಾಗ ಲೀಟರಿಗೆ 1 ಗ್ರಾಂನಂತೆ ಅಯೋಡಿನ್ ಇಲ್ಲದ ಉಪ್ಪು ಕರಗಿಸಿದರೆ ಮೀನಿಗೆ ರಕ್ಷಣೆ ಸಿಗುತ್ತದೆ.

ಪಾತಿಯ ಅಳತೆಯನ್ನೂ ಮೇವಿನಿಂದಲೇ ಲೆಕ್ಕ ಹಾಕಬೇಕು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2014ರಲ್ಲಿ ಪ್ರಕಟಿಸಿದ ಕೈಪಿಡಿಯ ಪ್ರಕಾರ, ಸೊಪ್ಪಿನ ಬೆಳೆಯ ಒಂದು ಚದರ ಮೀಟರಿಗೆ ದಿನಕ್ಕೆ 40ರಿಂದ 50 ಗ್ರಾಂ ಮೇವು ಸಾಕು. ಕಾಯಿ ಬಿಡುವ ಬೆಳೆಗೆ 50ರಿಂದ 80 ಗ್ರಾಂ. ಮೇಲಿನ 54 ಗ್ರಾಂ ಮೇವು ಸುಮಾರು ಒಂದು ಚದರ ಮೀಟರ್ ಸೊಪ್ಪಿಗೆ ಆಯಿತು. ಅದೇ ಮೀನುಗಳು 300 ಗ್ರಾಂ ತೂಗಿದಾಗ ಮೇವು 135 ಗ್ರಾಂ ಆಗುತ್ತದೆ. ಆಗ ಮೂರು ಚದರ ಮೀಟರ್ ಪಾತಿ ಬೇಕು. ಪಾತಿಯನ್ನು ಮೊದಲೇ ಮೂರು ಚದರ ಮೀಟರ್ ಕಟ್ಟಿ, ಗಿಡಗಳನ್ನು ಹಂತಹಂತವಾಗಿ ನೆಡುವುದು ಲೇಸು.

ಯಾವ ತರಕಾರಿ?

ಚಳಿಗೆ ಒಗ್ಗುವ ಪಾಲಕ್, ಲೆಟ್ಯೂಸ್, ಕೊತ್ತಂಬರಿ, ಈರುಳ್ಳಿ ಹೂ, ಬಟಾಣಿ, ಎಲೆಕೋಸು, ನವಿಲುಕೋಸು ಚೆನ್ನಾಗಿ ಬರುತ್ತವೆ. ಟೊಮೆಟೊ, ಬದನೆ, ಸೌತೆ ಬೇಸಿಗೆಗೆ ಇರಲಿ. ಮೀನಿನ ಮೇವಿನಲ್ಲಿ ಗಿಡಕ್ಕೆ ಬೇಕಾದಷ್ಟು ಕಬ್ಬಿಣ, ಪೊಟ್ಯಾಷ್, ಸುಣ್ಣದಂಶ ಇರುವುದಿಲ್ಲ. ಎಳೆ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿದ್ದರೆ ಅದು ಕಬ್ಬಿಣದ ಕೊರತೆ. ಚಿಲೇಟೆಡ್ ಕಬ್ಬಿಣವನ್ನು ಹಿತಮಿತವಾಗಿ ನೀರಿಗೆ ಸೇರಿಸಬೇಕು.

ಎಚ್ಚರಿಕೆ

ವಿದ್ಯುತ್ ನಿಂತರೆ ಗಾಳಿ ನಿಂತಂತೆ. ಮೀನು ತುಂಬಿದ ತೊಟ್ಟಿಯಲ್ಲಿ ಕೆಲವೇ ಗಂಟೆಗಳಲ್ಲಿ ಆಮ್ಲಜನಕ ಮುಗಿಯಬಹುದು. ಬ್ಯಾಟರಿಯ ಗಾಳಿ ಪಂಪ್ ಸಿದ್ಧವಿರಬೇಕು. ಅದೂ ಇಲ್ಲವಾದರೆ ಮೇವು ನಿಲ್ಲಿಸಿ, ಬಕೆಟ್‌ನಲ್ಲಿ ನೀರೆತ್ತಿ ಮೇಲಿನಿಂದ ಸುರಿಯುತ್ತಿರಬೇಕು.

ಹೈನುಗಾರರಾದ ನಾವು ವಿಶೇಷವಾಗಿ ಗಮನಿಸಬೇಕಾದದ್ದು ಉಣ್ಣೆಯ ಔಷಧಿ. ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಇರುವ ಔಷಧಿಗಳು ಮೀನಿಗೆ ಅತ್ಯಂತ ಘೋರ ವಿಷ. ಹಸುವಿಗೆ ಔಷಧಿ ಹಚ್ಚಿದ ಕೈ, ಬಕೆಟ್, ಸ್ಪ್ರೇಯರ್ ಇವು ಯಾವುದೇ ಮೀನಿನ ತೊಟ್ಟಿಯ, ಕೆರೆಯ, ಕೃಷಿ ಹೊಂಡದ ನೀರಿಗೆ ತಾಗಕೂಡದು. ಪಾತಿಯ ಗಿಡಗಳಿಗೂ ಕೀಟನಾಶಕ ಬೇಡ. ಹಸಿ ಸಗಣಿಯನ್ನು ಈ ತೊಟ್ಟಿಗೆ ಹಾಕಬೇಡಿ. ಅದು ಕೊಳೆಯುವಾಗ ಆಮ್ಲಜನಕ ತಿನ್ನುತ್ತದೆ, ರೋಗಾಣು ಸೊಪ್ಪಿಗೂ ಸೇರುತ್ತದೆ.

ನಮ್ಮಲ್ಲಿ ಸಾಧ್ಯವೇ?

ನಮ್ಮ ಬಯಲುಸೀಮೆಯಲ್ಲಿ ಟ್ರೌಟ್ ಸಾಕುವ ಆಸೆ ಬೇಡ. ನೀರು ಅಷ್ಟು ತಂಪಾಗುವುದಿಲ್ಲ. ನಮ್ಮ ನೆರೆಯ ನೀಲಗಿರಿ ಬೆಟ್ಟದ ತೊರೆಗಳಿಗೆ ಬ್ರಿಟಿಷರ ಕಾಲದಲ್ಲಿ ಟ್ರೌಟ್ ತಂದು ಬಿಡಲಾಯಿತು. ಕಾಶ್ಮೀರ, ಹಿಮಾಚಲ ಪ್ರದೇಶಗಳಲ್ಲಿ ಅದರ ಸಾಕಣೆ ಇದೆ. ಅದು ಬೆಟ್ಟದ ತಣ್ಣೀರಿನ ಭಾಗ್ಯ.

ನಮ್ಮಲ್ಲಿ ತೊಂದರೆ ತಿರುಗುಮುರುಗು. ಹೆಪ್ಪು ಬೇಗ ಕೂಡುತ್ತದೆ, ಆದರೆ ನೀರಿನಲ್ಲಿ ಉಸಿರು ಕಡಿಮೆ. 10 ಡಿಗ್ರಿಯ ನೀರು ಲೀಟರಿಗೆ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟರೆ, 30 ಡಿಗ್ರಿಯ ನೀರು ಹಿಡಿಯುವುದು 7.5 ಮಾತ್ರ. ಬೆಚ್ಚಗಿನ ನೀರಿಗೆ ಒಗ್ಗುವ ಮೀನು ಯಾವುದೆಂದು ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿಯೇ ಮುಂದುವರಿಯಿರಿ.

ಖರ್ಚನ್ನೂ ಲೆಕ್ಕ ಹಾಕಿ. ಎರಡು ಪಂಪುಗಳು ಸೇರಿ ಸರಾಸರಿ 60 ವಾಟ್ ಎಂದರೆ ತಿಂಗಳಿಗೆ ಸುಮಾರು 43 ಯೂನಿಟ್ ವಿದ್ಯುತ್. 40 ಗ್ರಾಂ ತೂಕದ 30 ಮರಿಗಳು 300 ಗ್ರಾಂ ಆಗಲು ಒಟ್ಟು 9ರಿಂದ 10 ಕಿಲೋ ಮೇವು ಬೇಕು, ಸಿಗುವ ಮೀನು 9 ಕಿಲೋ. ಇದು ಮನೆಯ ಊಟಕ್ಕೆ ಸರಿ. ಇದನ್ನು ನಂಬಿ ಹಸು ಮಾರಬೇಡಿ, ಸಾಲ ಮಾಡಬೇಡಿ.

ನೆನಪಿನಲ್ಲಿಡಿ

* ಮೊದಲು ಬ್ಯಾಕ್ಟೀರಿಯಾ, ಆಮೇಲೆ ಮೀನು.
* ಚಳಿ ಹೆಚ್ಚಿದಷ್ಟೂ ಮೇವು ಕಡಿಮೆ.
* ಪಾತಿಯ ಅಳತೆಗೆ ಮೀನಿನ ಸಂಖ್ಯೆಯಲ್ಲ, ಮೇವಿನ ತೂಕ ಆಧಾರ.
* ಗಾಳಿ ಪಂಪಿಗೆ ಬದಲಿ ವ್ಯವಸ್ಥೆ ಇಲ್ಲದೆ ಮೀನು ಬಿಡಬೇಡಿ.

ಲೆಕ್ಕ ಮಾಡಿ ನೋಡಿ: 40 ಮೀನು, ಸರಾಸರಿ 150 ಗ್ರಾಂ, ಮೇವು ಶೇಕಡ 1.5. ಚದರ ಮೀಟರಿಗೆ 45 ಗ್ರಾಂನಂತೆ ಎಷ್ಟು ಸೊಪ್ಪಿನ ಪಾತಿ ಬೇಕು? (ಉತ್ತರ: ಮೇವು 90 ಗ್ರಾಂ, ಪಾತಿ 2 ಚದರ ಮೀಟರ್.)