ಸಾಲವೂ ಒಂದು ವ್ಯಾಧಿ: ಕ್ರೆಡಿಟ್ ಕಾರ್ಡಿನ ಹಿತಮಿತ ಬಳಕೆ

ಆರೋಗ್ಯ ಲೇಖನಗಳಿಗೆ ಮೀಸಲಾದ ಪುಟಗಳಲ್ಲಿ ಹಣಕಾಸಿನ ಮಾತೇಕೆ ಎಂದು ಕೆಲವು ವಾಚಕರು ಕೇಳಬಹುದು. ನಿದ್ರಾನಾಶ, ಏರಿದ ರಕ್ತದೊತ್ತಡ, ಅಜೀರ್ಣ, ಕಾರಣವಿಲ್ಲದ ಸಿಡುಕು ಇವುಗಳಿಂದ ಬಳಲಿ ವೈದ್ಯರಲ್ಲಿಗೆ ಹೋಗುವವರ ಪೈಕಿ ಸಾಲದ ಚಿಂತೆಯನ್ನು ಎದೆಯಲ್ಲಿ ಬಚ್ಚಿಟ್ಟುಕೊಂಡವರೂ ಇರುತ್ತಾರೆ. ವೈದ್ಯರು ಬರೆದುಕೊಡುವ ಮಾತ್ರೆ ನಿದ್ರೆ ತರಿಸೀತು, ಸಾಲ ತೀರಿಸಲಾರದು. ಸಾಲವನ್ನು ಶೂಲವೆಂದು ಕರೆದ ನಮ್ಮ ಹಿರಿಯರು ಅದನ್ನು ದೇಹಬಾಧೆಗಳ ಸಾಲಿನಲ್ಲಿಯೇ ಸೇರಿಸಿದ್ದರು. ಆದ್ದರಿಂದ ಈ ವ್ಯಾಧಿಯ ಮೂಲ, ಲಕ್ಷಣ, ಪಥ್ಯ ಮತ್ತು ಚಿಕಿತ್ಸೆಗಳನ್ನು ಕ್ರಮವಾಗಿ ಪರಿಶೀಲಿಸುವುದು ಅಪ್ರಸ್ತುತವಾಗಲಾರದು.

ಗುಜರಾತಿನಲ್ಲಿ ನೆಲೆಸಿದ ಕನ್ನಡಿಗರಿಗೆ ಈ ವಿಷಯ ಇನ್ನೂ ಹತ್ತಿರದ್ದು. ಬ್ಯಾಂಕಿನ ವರ್ಗಾವಣೆಯಿಂದಲೋ, ಕಾರ್ಖಾನೆಯ ಉದ್ಯೋಗದಿಂದಲೋ, ಹೋಟೆಲ್ ವ್ಯವಹಾರದಿಂದಲೋ ಅಹಮದಾಬಾದು, ವಡೋದರಾ, ಸೂರತ್ತುಗಳಿಗೆ ಬಂದವರು ನಾವು. ಊರಿನಲ್ಲಿ ಕೈ ಬಿಗಿಯಾದಾಗ ದೊಡ್ಡಪ್ಪನೋ ಸೋದರಮಾವನೋ ಒದಗುತ್ತಿದ್ದರು. ಪರಿಚಯದ ಅಂಗಡಿಯವರು ಲೆಕ್ಕ ಬರೆದುಕೊಳ್ಳುತ್ತಿದ್ದರು. ಇಲ್ಲಿ ಆ ಆಸರೆಯ ಸ್ಥಾನದಲ್ಲಿ ಜೇಬಿನೊಳಗಿನ ಕಾರ್ಡು ಕುಳಿತಿದೆ. ಸೋದರಮಾವ ಕೊಡುವ ಮೊದಲು ಕಾರಣ ಕೇಳುತ್ತಿದ್ದ. ಕಾರ್ಡು ಏನನ್ನೂ ಕೇಳುವುದಿಲ್ಲ. ಮುಖ್ಯವಾದ ವ್ಯತ್ಯಾಸ ಇದೇ.

ಹಿಂದಿನ ದಾರಿ, ಇಂದಿನ ದಾರಿ

ಮಿತವ್ಯಯದ ಪಾಠ ನಮಗೆ ಹೊಸದೇನಲ್ಲ. ವಡೋದರಾದಲ್ಲಿ 1889ರಲ್ಲಿಯೇ ವಿಠ್ಠಲ ಲಕ್ಷ್ಮಣ ಕವಠೇಕರರ ಮುಂದಾಳುತನದಲ್ಲಿ ‘ಅನ್ಯೋನ್ಯ ಸಹಕಾರಿ ಮಂಡಳಿ’ ಹುಟ್ಟಿತು. ಸದಸ್ಯರು ಪರಸ್ಪರ ನೆರವಾಗಲೆಂದು ಕಟ್ಟಿಕೊಂಡ ಸಂಸ್ಥೆಯದು. ಸಹಕಾರ ಸಂಘಗಳ ಕಾಯಿದೆ ದೇಶದಲ್ಲಿ ಬರುವುದಕ್ಕೆ ಹದಿನೈದು ವರ್ಷ ಮೊದಲಿನ ಮಾತು. 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯನ್ನೂ ಸಂಗ್ರಹಿಸಿತು. ನಮ್ಮ ಎರಡೂ ಸೀಮೆಗಳು ಕಲಿಸಿದ ಕ್ರಮ ಒಂದೇ: ಮೊದಲು ಉಳಿತಾಯ, ಆನಂತರ ಖರ್ಚು.

ಕ್ರೆಡಿಟ್ ಕಾರ್ಡು ಈ ಕ್ರಮವನ್ನು ತಿರುಗಿಸಿತು. 1950ರಲ್ಲಿ ಅಮೆರಿಕದ ನ್ಯೂಯಾರ್ಕಿನಲ್ಲಿ ಡೈನರ್ಸ್ ಕ್ಲಬ್ ಆರಂಭಿಸಿದ ಪದ್ಧತಿ 1980ರ ದಶಕದಲ್ಲಿ ನಮ್ಮ ದೇಶದ ಬ್ಯಾಂಕುಗಳಿಗೂ ಹಬ್ಬಿತು. ಆಗ ಅದು ದೊಡ್ಡ ಹುದ್ದೆಯವರ ಅಲಂಕಾರವಾಗಿತ್ತು. ಇಂದು ಕೆಲಸಕ್ಕೆ ಸೇರಿದ ವರ್ಷದೊಳಗೆ ತರುಣರ ಕೈಯಲ್ಲಿ ಎರಡು ಮೂರು ಕಾರ್ಡುಗಳಿರುತ್ತವೆ. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸುವ ಸೌಲಭ್ಯವೂ ಬಂದಿರುವುದರಿಂದ, ಅಂಗಡಿಯ ಮುಂದೆ ಅಂಟಿಸಿದ ಚೌಕವನ್ನು ಮೊಬೈಲಿಗೆ ತೋರಿಸಿ ಕುಡಿದ ಚಹವೂ ಸಾಲದ ಚಹವಾಗಬಹುದು.

ಕಾರ್ಡಿನ ಗುಣದೋಷಗಳು

ಕಾರ್ಡು ಸ್ವತಃ ವಿಷವಲ್ಲ. ಬ್ಯಾಂಕು ಪ್ರತಿ ತಿಂಗಳೂ ಒಂದು ನಿಶ್ಚಿತ ದಿನ ಬಿಲ್ಲು ತಯಾರಿಸಿ, ಹಣ ಕಟ್ಟಲು ಕೊನೆಯ ದಿನವನ್ನು ಗೊತ್ತುಪಡಿಸುತ್ತದೆ. ಬಿಲ್ಲಿನ ದಿನ ಹತ್ತನೆಯ ತಾರೀಕು, ಕೊನೆಯ ದಿನ ಮೂವತ್ತನೆಯ ತಾರೀಕು ಎಂದಿಟ್ಟುಕೊಳ್ಳೋಣ. ಮಾರ್ಚ್ 11ರಂದು ಕೊಂಡ ವಸ್ತುವಿನ ಬೆಲೆಯನ್ನು ಏಪ್ರಿಲ್ 30ರವರೆಗೆ, ಅಂದರೆ ಐವತ್ತು ದಿನ, ಬಡ್ಡಿಯಿಲ್ಲದೆ ಉಳಿಸಿಕೊಳ್ಳಬಹುದು. ಅದನ್ನೇ ಮಾರ್ಚ್ 9ರಂದು ಕೊಂಡರೆ ಮಾರ್ಚ್ 30ರೊಳಗೆ, ಅಂದರೆ ಇಪ್ಪತ್ತೊಂದು ದಿನಗಳಲ್ಲಿ, ತೀರಿಸಬೇಕು. ಬಿಲ್ಲಿನ ಪೂರ್ಣ ಮೊತ್ತವನ್ನು ಸಕಾಲದಲ್ಲಿ ಕಟ್ಟುವವರಿಗೆ ಕಾರ್ಡು ಉಪಕಾರಿಯೇ ಸರಿ.

ಆದರೆ ಪೂರ್ಣ ಮೊತ್ತದಲ್ಲಿ ಅಲ್ಪಭಾಗ ಉಳಿದರೂ ಸಾಮಾನ್ಯವಾಗಿ ಬಡ್ಡಿಯಿಲ್ಲದ ಅವಧಿಯ ಸೌಲಭ್ಯ ತಪ್ಪುತ್ತದೆ. ಕೊಂಡ ದಿನದಿಂದಲೇ ಬಡ್ಡಿ ಬೀಳುತ್ತದೆ. ಮುಂದಿನ ತಿಂಗಳ ಹೊಸ ಖರೀದಿಗಳಿಗೂ ಅದೇ ಗತಿ. ಎಟಿಎಮ್ಮಿನಲ್ಲಿ ಕಾರ್ಡು ಹಾಕಿ ನಗದು ತೆಗೆದರಂತೂ ಮೊದಲ ದಿನದಿಂದಲೇ ಬಡ್ಡಿ, ಅದರ ಮೇಲೆ ಶುಲ್ಕ.

‘ಕನಿಷ್ಠ ಮೊತ್ತ’ವೆಂಬ ಮಾಯೆ

ಬಿಲ್ಲಿನಲ್ಲಿ ಎರಡು ಅಂಕಿಗಳಿರುತ್ತವೆ: ಒಟ್ಟು ಮೊತ್ತ ಮತ್ತು ಕಟ್ಟಲೇಬೇಕಾದ ಕನಿಷ್ಠ ಮೊತ್ತ. ಎರಡನೆಯದನ್ನು ಕಟ್ಟಿದವರು ತಾವು ಸಾಲ ತೀರಿಸುತ್ತಿದ್ದೇವೆಂದು ನಂಬುತ್ತಾರೆ. ಒಂದು ಲೆಕ್ಕವನ್ನು ನೋಡೋಣ.

ಒಬ್ಬ ಗೃಹಸ್ಥರ ಕಾರ್ಡಿನಲ್ಲಿ 50,000 ರೂಪಾಯಿ ಬಾಕಿಯಿದೆ. ಬಡ್ಡಿ ತಿಂಗಳಿಗೆ ಶೇಕಡಾ 3.5. ಕೇಳಲು ಅಲ್ಪವೆನಿಸುವ ಈ ದರ ವರ್ಷಕ್ಕೆ ಶೇಕಡಾ 42 ಆಗುತ್ತದೆ. ಮೊದಲ ತಿಂಗಳ ಬಡ್ಡಿ 1,750 ರೂಪಾಯಿ, ಬಡ್ಡಿಯ ಮೇಲೆ ಶೇಕಡಾ 18ರಂತೆ ಜಿಎಸ್‌ಟಿ 315 ರೂಪಾಯಿ, ಒಟ್ಟು 2,065 ರೂಪಾಯಿ. ಅವರು ಶೇಕಡಾ ಐದರಂತೆ 2,500 ರೂಪಾಯಿ ಕಟ್ಟಿದರೆ ಅಸಲಿಗೆ ಸೇರುವುದು ಕೇವಲ 435 ರೂಪಾಯಿ. ಹೊಸದಾಗಿ ಏನನ್ನೂ ಕೊಳ್ಳದೆ ತಿಂಗಳು ತಿಂಗಳೂ 2,500 ರೂಪಾಯಿಗಳನ್ನೇ ಕಟ್ಟುತ್ತ ಹೋದರೆ ಸಾಲ ತೀರಲು 44 ತಿಂಗಳು ಬೇಕು; ಒಟ್ಟು ಕಟ್ಟುವ ಹಣ ಸುಮಾರು 1,08,000 ರೂಪಾಯಿ. ಅದೇ ಗೃಹಸ್ಥರು ಬೇರೆ ಖರ್ಚುಗಳನ್ನು ಹಿಡಿದು ತಿಂಗಳಿಗೆ 5,000 ರೂಪಾಯಿ ಕಟ್ಟಿದರೆ 14 ತಿಂಗಳಲ್ಲಿ, ಸುಮಾರು 66,000 ರೂಪಾಯಿಗಳಲ್ಲಿ, ಋಣಮುಕ್ತರಾಗುತ್ತಾರೆ. ಕಂತು ಎರಡು ಪಟ್ಟಾದರೆ ಅವಧಿ ಮೂರರಲ್ಲೊಂದು ಪಾಲಿಗಿಂತಲೂ ಕಡಿಮೆಯಾಗುವುದನ್ನು ವಾಚಕರು ಗಮನಿಸಬೇಕು.

ಬಡ್ಡಿಯನ್ನು ಕುದುರೆಯೂ ಮುಟ್ಟಲಾರದೆಂದು ಗುಜರಾತಿಗಳಲ್ಲಿ ಒಂದು ಗಾದೆಯುಂಟು. ವ್ಯಾಪಾರದಲ್ಲಿ ಪಳಗಿದ ಜನರ ಅನುಭವದ ಮಾತದು. ಇಷ್ಟೊಂದು ಬಡ್ಡಿಗೆ ಕಾನೂನಿನ ತಡೆಯಿಲ್ಲವೇ ಎಂದರೆ, ವರ್ಷಕ್ಕೆ ಶೇಕಡಾ 30ಕ್ಕಿಂತ ಹೆಚ್ಚಿನ ಬಡ್ಡಿ ಅನ್ಯಾಯವೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ತೀರ್ಪಿತ್ತಿತ್ತು. ಸುಪ್ರೀಂ ಕೋರ್ಟು 2024ರ ಡಿಸೆಂಬರ್ 20ರಂದು ಆ ತೀರ್ಪನ್ನು ರದ್ದುಪಡಿಸಿತು. ಆದ್ದರಿಂದ ಆ ತೀರ್ಪಿನ ಆಸರೆ ಈಗ ಉಳಿದಿಲ್ಲ. ನಮ್ಮ ಎಚ್ಚರವೇ ನಮಗೆ ಮೊದಲ ಕಾವಲು.

ರೋಗಲಕ್ಷಣಗಳು

ಮಧುಮೇಹದಂತೆ ಸಾಲವೂ ಆರಂಭದಲ್ಲಿ ನೋವು ಕೊಡದು. ಕೆಳಗಿನ ಚಿಹ್ನೆಗಳಲ್ಲಿ ಯಾವುದೇ ಎರಡು ಕಂಡುಬಂದರೆ ಎಚ್ಚರಗೊಳ್ಳಬೇಕು.

1. ಸತತವಾಗಿ ಎರಡು ತಿಂಗಳು ಕನಿಷ್ಠ ಮೊತ್ತವನ್ನಷ್ಟೇ ಕಟ್ಟುವುದು.
2. ಒಂದು ಕಾರ್ಡಿನ ಬಾಕಿ ತೀರಿಸಲು ಇನ್ನೊಂದನ್ನು ಬಳಸುವುದು.
3. ದಿನಸಿ, ಹಾಲು, ಶಾಲೆಯ ಶುಲ್ಕಗಳಿಗೂ ಕಾರ್ಡನ್ನೇ ನಂಬುವುದು. ಸಂಬಳ ಬಂದ ವಾರದಲ್ಲೇ ಕೈ ಬರಿದಾಗುವುದು.
4. ಬಿಲ್ಲನ್ನು ಪತಿ ಪತ್ನಿಗೆ, ಪತ್ನಿ ಪತಿಗೆ ತೋರಿಸದೆ ಬಚ್ಚಿಡುವುದು.
5. ದೂರವಾಣಿ ಸದ್ದಾದರೆ ಎದೆ ಬಡಿದುಕೊಳ್ಳುವುದು, ನಡುರಾತ್ರಿಯಲ್ಲಿ ಎಚ್ಚರವಾಗುವುದು.

ಇವುಗಳಲ್ಲಿ ನಾಲ್ಕನೆಯದು ಅತ್ಯಂತ ಅಪಾಯಕಾರಿ. ಮುಚ್ಚಿಟ್ಟ ಹುಣ್ಣು ಒಳಗೊಳಗೇ ಬೆಳೆಯುತ್ತದೆ.

ಪಥ್ಯ

ಹಾಸಿಗೆಯಿದ್ದಷ್ಟು ಕಾಲು ಚಾಚೆಂಬ ಗಾದೆ ಎಲ್ಲರಿಗೂ ಗೊತ್ತು. ಕಾರ್ಡು ನಮ್ಮ ಹಾಸಿಗೆ ನಿಜಕ್ಕಿಂತ ಉದ್ದವಾಗಿದೆಯೆಂಬ ಭ್ರಮೆ ಹುಟ್ಟಿಸುತ್ತದೆ. ಆದಕಾರಣ ಬ್ಯಾಂಕು ಕೊಟ್ಟ ಮಿತಿ ಬೇರೆ, ನಮ್ಮ ಮಿತಿ ಬೇರೆ ಎಂದು ತಿಳಿಯಬೇಕು. ಬ್ಯಾಂಕು ಎರಡು ಲಕ್ಷದ ಮಿತಿ ಕೊಟ್ಟರೂ ತಿಂಗಳ ಸಂಬಳದಿಂದ ಪೂರ್ಣ ತೀರಿಸಬಲ್ಲಷ್ಟೇ ಬಳಸುವುದು ಉತ್ತಮ. ಒಂದು ಸಂಸಾರಕ್ಕೆ ಒಂದು ಅಥವಾ ಎರಡು ಕಾರ್ಡು ಸಾಕು. ಪೂರ್ಣ ಮೊತ್ತ ಉಳಿತಾಯ ಖಾತೆಯಿಂದ ತಾನಾಗಿ ಸಂದಾಯವಾಗುವಂತೆ ಬ್ಯಾಂಕಿಗೆ ಸೂಚನೆ ಕೊಡಬಹುದು. ಆ ಸೂಚನೆ ಕನಿಷ್ಠ ಮೊತ್ತಕ್ಕೆ ಸೀಮಿತವಾಗಿಲ್ಲವೆಂದು ನೋಡಿಕೊಳ್ಳಬೇಕು. ನವರಾತ್ರಿ, ದೀಪಾವಳಿಗಳ ಉಡುಪು ಒಡವೆಗಳಿಗೆ ವರ್ಷವಿಡೀ ಸ್ವಲ್ಪ ಸ್ವಲ್ಪ ಕೂಡಿಡುವುದು ಮೇಲು.

‘ಬಡ್ಡಿಯಿಲ್ಲದ ಕಂತು’ ಎಂಬ ಜಾಹೀರಾತನ್ನೂ ಪರೀಕ್ಷಿಸಬೇಕು. ರೊಕ್ಕ ಕೊಟ್ಟವರಿಗೆ ಸಿಗುವ ರಿಯಾಯಿತಿ ಕಂತಿನವರಿಗೆ ತಪ್ಪುವುದುಂಟು. ಸೇವಾಶುಲ್ಕ ಮತ್ತು ಬಡ್ಡಿಯ ಮೇಲಿನ ಜಿಎಸ್‌ಟಿ ಸೇರುವುದೂ ಉಂಟು. ಇನ್ನು ಕಾರ್ಡಿನ ಸಂಖ್ಯೆ, ಮೊಬೈಲಿಗೆ ಬರುವ ಓಟಿಪಿ ಇವುಗಳನ್ನು ಬ್ಯಾಂಕಿನವರೆಂದು ಹೇಳಿಕೊಳ್ಳುವವರಿಗೂ ಕೊಡತಕ್ಕದ್ದಲ್ಲ. ಮೋಸ ನಡೆದುಹೋದರೆ ತಡಮಾಡದೆ ಬ್ಯಾಂಕಿಗೂ 1930 ಸಂಖ್ಯೆಯ ಸಹಾಯವಾಣಿಗೂ ತಿಳಿಸಬೇಕು.

ಅನಾರೋಗ್ಯವೇ ಅನೇಕ ಮನೆಗಳನ್ನು ಸಾಲಕ್ಕೆ ದೂಡುತ್ತದೆ. ಆಸ್ಪತ್ರೆಯ ಬಿಲ್ಲನ್ನು ಕಾರ್ಡಿನಲ್ಲಿ ಕಟ್ಟಿ ವರ್ಷಗಟ್ಟಲೆ ಬಡ್ಡಿ ತೆರುವುದಕ್ಕಿಂತ ಮೊದಲೇ ಆರೋಗ್ಯವಿಮೆ ಮಾಡಿಸುವುದು ವಿವೇಕ. ಊರಿನಿಂದ ಬಂದು ನಮ್ಮೊಡನಿರುವ ತಂದೆತಾಯಿಗಳಿಗೆ 70 ವರ್ಷ ತುಂಬಿದ್ದರೆ, ಆದಾಯ ಎಷ್ಟೇ ಇರಲಿ, 2024ರ ಅಕ್ಟೋಬರಿನಿಂದ ಆಯುಷ್ಮಾನ್ ಭಾರತ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಚಿಕಿತ್ಸೆಗೆ ಅವಕಾಶ ಕಲ್ಪಿಸಲಾಗಿದೆ. ಅವರ ಹೆಸರನ್ನು ನೋಂದಾಯಿಸಲು ಕಾಯಿಲೆ ಬರುವವರೆಗೆ ಕಾಯಬಾರದು.

ಚಿಕಿತ್ಸೆ

ಈಗಾಗಲೇ ಸಾಲದಲ್ಲಿ ಸಿಕ್ಕಿರುವವರು ಮೊದಲು ಕಾರ್ಡಿನ ಬಳಕೆಯನ್ನು ಪೂರ್ತಿ ನಿಲ್ಲಿಸಬೇಕು. ಎರಡನೆಯದಾಗಿ ಎಲ್ಲ ಸಾಲಗಳನ್ನೂ, ಅವುಗಳ ಬಡ್ಡಿದರಗಳೊಡನೆ, ಒಂದೇ ಹಾಳೆಯ ಮೇಲೆ ಬರೆಯಬೇಕು. ಮೂರನೆಯದಾಗಿ, ಅತಿ ಹೆಚ್ಚು ಬಡ್ಡಿಯ ಸಾಲವನ್ನು ಮೊದಲು ತೀರಿಸಬೇಕು. ನಿಶ್ಚಿತ ಠೇವಣಿಯ ಮೇಲಿನ ಸಾಲ, ಬ್ಯಾಂಕಿನ ಚಿನ್ನದ ಸಾಲ ಇವುಗಳ ಬಡ್ಡಿ ಕಾರ್ಡಿನ ಬಡ್ಡಿಗಿಂತ ಎಷ್ಟೋ ಕಡಿಮೆ; ಅವುಗಳಿಂದ ಕಾರ್ಡಿನ ಬಾಕಿ ತೀರಿಸುವುದು ಒಳ್ಳೆಯ ಉಪಾಯ. ಆದರೆ ಕಾರ್ಡನ್ನು ಮತ್ತೆ ತುಂಬಿಸಿಕೊಂಡರೆ ಒಂದು ರೋಗ ಎರಡಾದೀತು. ಬ್ಯಾಂಕಿನವರೊಡನೆ ಮಾತನಾಡಿ ಬಾಕಿಯನ್ನು ಕಂತುಗಳಾಗಿ ಮಾರ್ಪಡಿಸಿಕೊಳ್ಳಲೂಬಹುದು. ಸ್ವಲ್ಪ ಹಣಕ್ಕೆ ಲೆಕ್ಕ ಚುಕ್ತಾ ಮಾಡಿಕೊಂಡರೆ ಆ ಸಂಗತಿ ಸಿಬಿಲ್ ಮೊದಲಾದ ಸಂಸ್ಥೆಗಳ ವರದಿಯಲ್ಲಿ ದಾಖಲಾಗಿ ಮುಂದೆ ಗೃಹಸಾಲಕ್ಕೆ ಅಡ್ಡಿಯಾಗಬಹುದು. ಈ ವರದಿಯನ್ನು ವರ್ಷಕ್ಕೊಮ್ಮೆ ಉಚಿತವಾಗಿ ಪಡೆಯುವ ಹಕ್ಕು ನಮಗಿದೆ.

ಒಂದು ಕೆಲಸವನ್ನು ಮಾತ್ರ ಸರ್ವಥಾ ಮಾಡಬಾರದು. ಕಾರ್ಡಿನ ಬಾಕಿ ಕಟ್ಟಲು ಖಾಸಗಿ ಬಡ್ಡಿ ವ್ಯವಹಾರದವರಲ್ಲಿಗೆ, ಇಲ್ಲಿಯವರು ‘ವ್ಯಾಜಖೋರ’ ಎಂದು ಕರೆಯುವವರಲ್ಲಿಗೆ, ಹೋಗುವುದು ಬೆಂಕಿಯಿಂದ ಬಾಣಲೆಗೆ ಬಿದ್ದಂತೆ. 2011ರ ಗುಜರಾತ್ ಲೇವಾದೇವಿ ಕಾಯಿದೆಯ ಪ್ರಕಾರ ಈ ವ್ಯವಹಾರಕ್ಕೆ ನೋಂದಣಿ ಕಡ್ಡಾಯ. ಅಕ್ರಮ ಬಡ್ಡಿ ವ್ಯವಹಾರದ ವಿರುದ್ಧ ರಾಜ್ಯದ ಪೊಲೀಸರು 2023ರ ಜನವರಿಯಲ್ಲಿ ‘ಲೋಕದರ್ಬಾರು’ಗಳನ್ನು ನಡೆಸಿ ದೂರುಗಳನ್ನು ಸ್ವೀಕರಿಸಿದರು. ಬೆದರಿಕೆಗೆ ಒಳಗಾದವರು ಪೊಲೀಸರಿಗೆ ತಿಳಿಸಲು ಹಿಂಜರಿಯಬಾರದು.

ಗ್ರಾಹಕರ ಹಕ್ಕುಗಳು

ರಿಸರ್ವ್ ಬ್ಯಾಂಕು 2022ರಲ್ಲಿ ಕಾರ್ಡುಗಳ ಬಗ್ಗೆ ವಿಸ್ತಾರವಾದ ನಿರ್ದೇಶನಗಳನ್ನು ಹೊರಡಿಸಿತು. ಅವುಗಳ ಪ್ರಕಾರ, ಕೇಳದೆ ಕಾರ್ಡು ಕಳಿಸುವಂತಿಲ್ಲ. ಬಿಲ್ಲು ತಲಪಿದ ಮೇಲೆ ಹಣ ಕಟ್ಟಲು ಹದಿನೈದು ದಿನಗಳಷ್ಟಾದರೂ ಕಾಲಾವಕಾಶವಿರಬೇಕು. ಬಾಕಿಯಿಲ್ಲದ ಕಾರ್ಡನ್ನು ರದ್ದುಮಾಡಲು ಗ್ರಾಹಕ ಕೇಳಿದರೆ ಏಳು ಕೆಲಸದ ದಿನಗಳೊಳಗೆ ಮಾಡಬೇಕು. ತಡವಾದರೆ ದಿನಕ್ಕೆ 500 ರೂಪಾಯಿ ದಂಡವನ್ನು ಗ್ರಾಹಕನಿಗೆ ತೆರಬೇಕು. ವಸೂಲಿಗೆ ಬರುವವರು ಹೆದರಿಸುವಂತಿಲ್ಲ, ಮನೆಯವರ ಮುಂದೆ ಅವಮಾನಿಸುವಂತಿಲ್ಲ. ಬ್ಯಾಂಕಿಗೆ ಬರೆದು ಮೂವತ್ತು ದಿನಗಳಲ್ಲಿ ಪರಿಹಾರ ದೊರೆಯದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಅವರಿಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು.

ಮನಸ್ಸಿನ ಆರೈಕೆ

ಸಾಲ ಮಾಡಿದವರು ಅಪರಾಧಿಗಳಲ್ಲ. ಸೂರತ್ತಿನ ವಜ್ರ ಉದ್ಯಮದಲ್ಲಿ 2008ರ ಜಾಗತಿಕ ಆರ್ಥಿಕ ಕುಸಿತದ ಹೊಡೆತಕ್ಕೆ ಸಾವಿರಾರು ಕುಶಲ ಕೆಲಸಗಾರರು ಕೆಲಸ ಕಳೆದುಕೊಂಡರು. ದುಡಿಯುವ ಕೈಗೂ ಕೆಟ್ಟ ಕಾಲ ಬರಬಹುದು. ಅಂಥ ಹೊತ್ತಿನಲ್ಲಿ ನಾಚಿಕೆಯಿಂದ ಒಬ್ಬರೇ ಕೊರಗುವುದು ಪ್ರಾಣಕ್ಕೇ ಎರವಾದೀತು. ಮನಸ್ಸು ತೀರಾ ಕುಗ್ಗಿದರೆ 14416 ಸಂಖ್ಯೆಗೆ ಕರೆಮಾಡಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಈ ‘ಟೆಲಿ ಮಾನಸ್’ ಸೇವೆ ಹಗಲುರಾತ್ರಿ ಉಚಿತವಾಗಿ ದೊರೆಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಅದರ ಪ್ರಧಾನ ಕೇಂದ್ರ. ಸೇವೆ ದೊರೆಯುವ ಭಾಷೆಗಳಲ್ಲಿ ಕನ್ನಡವೂ ಒಂದು.

ನಮ್ಮ ಬಂಧುಗಳಲ್ಲಿ ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು ಅನೇಕರಿದ್ದಾರೆ. ಕರಾವಳಿಯ ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದ ಮೇಲೆ ಈ ನಂಟು ಇನ್ನಷ್ಟು ಬೆಳೆದಿದೆ. ಹಬ್ಬಕ್ಕೆ, ನಾಟಕಕ್ಕೆ ಸೇರುವ ನಮ್ಮ ಸಂಘಗಳು ತಿಂಗಳಿಗೊಂದು ಸಂಜೆ ಅಂಥ ಹಿರಿಯರನ್ನು ಕೂರಿಸಿ, ಬಯಸಿದವರಿಗೆ ಏಕಾಂತದಲ್ಲಿ ಸಲಹೆ ಕೊಡಿಸುವುದಾದರೆ ಅದು ಆರೋಗ್ಯ ಶಿಬಿರಕ್ಕಿಂತ ಕಡಿಮೆಯ ಸೇವೆಯಾಗದು. ಅಲ್ಲಿಯವರೆಗೆ ಪ್ರತಿಯೊಂದು ಮನೆಯಲ್ಲೂ ಈ ತಿಂಗಳ ಬಿಲ್ಲು ಬಂದ ದಿನ ಪತಿಪತ್ನಿಯರು ಒಟ್ಟಿಗೆ ಕುಳಿತು, ‘ಕನಿಷ್ಠ ಮೊತ್ತ’ದ ಅಂಕಿಯ ಮೇಲೊಂದು ಗೀಟೆಳೆದು, ಒಟ್ಟು ಮೊತ್ತವನ್ನು ದಿನಚರಿಯಲ್ಲಿ ಬರೆದಿಟ್ಟುಕೊಳ್ಳಲಿ. ಚಿಕಿತ್ಸೆ ಅಲ್ಲಿಂದಲೇ ಆರಂಭವಾಗುತ್ತದೆ.