ವೈದ್ಯಪ್ರಬಂಧ ಮತ್ತು ವಾಕ್ಯಶಿಸ್ತು

ನಮ್ಮ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಮುಂದೆ ವೈದ್ಯಪದವಿ ಪಡೆದು, ಈಗ ಡಾಕ್ಟರೇಟ್ ಪದವಿಗಾಗಿ ಸಂಶೋಧನೆ ನಡೆಸುತ್ತಿರುವ ಹಳೆಯ ವಿದ್ಯಾರ್ಥಿಯೊಬ್ಬರು ಕಳೆದ ಬೇಸಗೆಯಲ್ಲಿ ನನ್ನನ್ನು ಕಾಣಲು ಬಂದಿದ್ದರು. ಕೈಯಲ್ಲಿ ಪತ್ರಿಕೆಯೊಂದರಿಂದ ಮರಳಿ ಬಂದ ಇಂಗ್ಲಿಷ್ ಲೇಖನವಿತ್ತು. "ಗುರುಗಳೇ, ಎರಡು ವರ್ಷದ ದುಡಿಮೆ ಇದು. ಭಾಷೆ ಸ್ಪಷ್ಟವಿಲ್ಲವೆಂದು ಹಿಂದಿರುಗಿಸಿದ್ದಾರೆ. ಕನ್ನಡದಲ್ಲಿ ಓದಿದ್ದೇ ತಪ್ಪಾಯಿತೇ?" ಎಂದು ನೊಂದು ಕೇಳಿದರು.

ಇಂಗ್ಲಿಷಿನಲ್ಲಿ ನನ್ನ ಪರಿಶ್ರಮ ಅಷ್ಟಕ್ಕಷ್ಟೆ. ಆದುದರಿಂದ, ಬರೆದುದನ್ನೇ ಒಂದೊಂದು ವಾಕ್ಯವಾಗಿ ಕನ್ನಡದಲ್ಲಿ ಹೇಳೆಂದೆ. ಮೂರನೆಯ ವಾಕ್ಯಕ್ಕೆ ಅವರೇ ತಡೆದು ನಿಂತರು. ಅವರು ಪರೀಕ್ಷಿಸಿದ್ದು ಒಂದು ಆಸ್ಪತ್ರೆಗೆ ಬಂದ ರೋಗಿಗಳನ್ನು. ಬರೆದಿದ್ದುದು ಇಡೀ ಜಿಲ್ಲೆಯ ಜನರನ್ನು ಕುರಿತು. ದೋಷ ಇಂಗ್ಲಿಷಿನಲ್ಲಿ ಮಾತ್ರ ಇರಲಿಲ್ಲ, ಅರ್ಥದಲ್ಲಿಯೇ ಇತ್ತು. ಈ ಪ್ರಸಂಗವೇ ಪ್ರಸ್ತುತ ಲೇಖನಕ್ಕೆ ಪ್ರೇರಣೆ.

ವೈದ್ಯಕ್ಕೂ ಲೇಖನಶಿಸ್ತಿಗೂ ಇರುವ ನಂಟು ಹೊಸತಲ್ಲ. ಶಾಸ್ತ್ರಗ್ರಂಥವನ್ನು ರಚಿಸುವ ಮತ್ತು ಅರ್ಥೈಸುವ ಕ್ರಮಗಳಿಗೆ ತಂತ್ರಯುಕ್ತಿಗಳೆಂದು ಹೆಸರು. ಸುಶ್ರುತಸಂಹಿತೆಯ ಉತ್ತರತಂತ್ರ 32 ತಂತ್ರಯುಕ್ತಿಗಳನ್ನೂ ಚರಕಸಂಹಿತೆಯ ಸಿದ್ಧಿಸ್ಥಾನದ ಕೊನೆಯ ಅಧ್ಯಾಯ 36 ತಂತ್ರಯುಕ್ತಿಗಳನ್ನೂ ಎಣಿಸುತ್ತವೆ. ಉದ್ದೇಶ, ನಿರ್ದೇಶ, ಸಂಶಯ, ಪೂರ್ವಪಕ್ಷ, ನಿರ್ಣಯ ಮೊದಲಾದುವು ಅವುಗಳಲ್ಲಿ ಸೇರಿವೆ. ಔಷಧವನ್ನು ಹೇಳಿದ ಗ್ರಂಥಗಳೇ ಮಾತನ್ನು ಹೇಳುವ ಬಗೆಯನ್ನೂ ಹೇಳಿರುವುದು ಮನನೀಯ.

ಇಂದಿನ ವೈದ್ಯಸಂಶೋಧನೆಯ ಲೇಖನಕ್ಕೆ ಸಾಮಾನ್ಯವಾಗಿ ನಾಲ್ಕು ಅಂಗಗಳು: ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ. ಇವುಗಳ ಇಂಗ್ಲಿಷ್ ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ 'ಇಮ್ರಾಡ್' ಎನ್ನುವುದುಂಟು. 1978ರಲ್ಲಿ ಕೆನಡಾದ ವ್ಯಾಂಕೂವರ್ ನಗರದಲ್ಲಿ ಸೇರಿದ ವೈದ್ಯಪತ್ರಿಕೆಗಳ ಸಂಪಾದಕರು ಹಸ್ತಪ್ರತಿಗಳಿಗೆ ಏಕರೂಪದ ನಿಯಮಗಳನ್ನು ಗೊತ್ತುಪಡಿಸಿದರು. ಅವು ಪರಿಷ್ಕಾರಗೊಳ್ಳುತ್ತ ಇಂದಿಗೂ ಬಳಕೆಯಲ್ಲಿವೆ. ಏಕೆ ಕೈಗೊಂಡೆ, ಹೇಗೆ ಮಾಡಿದೆ, ಏನನ್ನು ಕಂಡೆ, ಅದರ ಅರ್ಥವೇನು ಎಂಬ ನಾಲ್ಕು ಪ್ರಶ್ನೆಗಳಿಗೆ ಈ ನಾಲ್ಕು ಅಂಗಗಳು ಉತ್ತರ. ಒಂದರ ಉತ್ತರವನ್ನು ಇನ್ನೊಂದರಲ್ಲಿ ಬೆರೆಸಿದರೆ ಓದುಗನು ದಾರಿ ತಪ್ಪುವನು.

ಪೀಠಿಕೆಯೇ ಅನೇಕರಿಗೆ ಕಠಿನ. ಜಾನ್ ಸ್ವೇಲ್ಸ್ ಎಂಬ ಭಾಷಾವಿದ್ವಾಂಸರು 1990ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅದಕ್ಕೆ ಮೂರು ಹೆಜ್ಜೆಗಳನ್ನು ಗುರುತಿಸಿದರು. ಮೊದಲು ಕ್ಷೇತ್ರದ ಪರಿಚಯ. ಅನಂತರ ಅಲ್ಲಿ ಉಳಿದಿರುವ ಕೊರತೆ. ಕೊನೆಗೆ ಆ ಕೊರತೆಯನ್ನು ತಾನು ತುಂಬುವ ಬಗೆ. ವಿಷಯ, ಸಂಶಯ, ಪ್ರಯೋಜನ ಎಂಬ ಶಾಸ್ತ್ರಪರಿಭಾಷೆಯನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ.

ಇನ್ನು ವಾಕ್ಯದ ಮಾತು. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ವಿಶೇಷಣಗಳೆಲ್ಲ ಅದಕ್ಕೆ ಮುಂಚೆ ಸಾಲಾಗಿ ನಿಲ್ಲುತ್ತವೆ. ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ ಕ್ರಿಯಾಪದವನ್ನು ಓದುಗ ನಿರೀಕ್ಷಿಸುತ್ತಾನೆ. ನಮ್ಮವರು ಬರೆಯುವಾಗ ಕರ್ತೃ ಮೊದಲ ಸಾಲಿನಲ್ಲಿ, ಕ್ರಿಯೆ ನಾಲ್ಕನೆಯ ಸಾಲಿನಲ್ಲಿ ಇರುವುದುಂಟು. ವಾಕ್ಯಾರ್ಥಕ್ಕೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಮೂರೂ ಬೇಕೆಂದು ಹಿರಿಯರು ಹೇಳಿರುವರಷ್ಟೆ; ಇಲ್ಲಿ ಭಂಗವಾಗುವುದು ಸನ್ನಿಧಿ. ಒಂದು ವಾಕ್ಯವನ್ನು ಎರಡಾಗಿ ಒಡೆದರೆ ದೋಷ ಬಹುಪಾಲು ಪರಿಹಾರವಾಗುತ್ತದೆ. 'ಎ', 'ದಿ' ಎಂಬ ಉಪಪದಗಳು ಕನ್ನಡದಲ್ಲಿಲ್ಲ. ಅವು ಅಭ್ಯಾಸದಿಂದಲೇ ಬರತಕ್ಕವು. ತಾನು ಮಾಡಿದ್ದನ್ನೂ ಕಂಡದ್ದನ್ನೂ ಭೂತಕಾಲದಲ್ಲಿ, ಸರ್ವರೂ ಒಪ್ಪಿದ ತಥ್ಯವನ್ನು ವರ್ತಮಾನಕಾಲದಲ್ಲಿ ಹೇಳುವುದು ವಾಡಿಕೆ.

ಪದಗಳಲ್ಲಿಯೂ ಎಚ್ಚರ ಬೇಕು. 'ಇನ್ಸಿಡೆನ್ಸ್' ಎಂದರೆ ಗೊತ್ತಾದ ಅವಧಿಯಲ್ಲಿ ಹೊಸದಾಗಿ ರೋಗ ತಗಲುವ ಪ್ರಮಾಣ. 'ಪ್ರಿವಲೆನ್ಸ್' ಎಂದರೆ ಹಳಬರೂ ಹೊಸಬರೂ ಸೇರಿ ಆಗ ರೋಗವಿರುವವರ ಪ್ರಮಾಣ. 'ಸಿಗ್ನಿಫಿಕೆಂಟ್' ಎಂಬುದು ಸಂಖ್ಯಾಶಾಸ್ತ್ರದ ಪರಿಭಾಷೆ; ರೋಗಿಗೆ ಮಹತ್ತ್ವದ್ದು ಎಂದು ಅದರ ಅರ್ಥವಲ್ಲ. 'ಅಸೋಸಿಯೇಷನ್' ಬರಿಯ ಸಂಬಂಧವನ್ನು ಹೇಳುತ್ತದೆ, ಕಾರಣವನ್ನಲ್ಲ. ಕಾಗೆ ಕುಳಿತುದಕ್ಕೂ ತಾಳೆಹಣ್ಣು ಬಿದ್ದುದಕ್ಕೂ ಕಾರ್ಯಕಾರಣಭಾವ ಕಲ್ಪಿಸಬಾರದೆಂಬ ಕಾಕತಾಳೀಯ ನ್ಯಾಯ ಇಲ್ಲಿ ನೆನಪಿರಬೇಕು.

ಮಾತಿನ ಮಿತಿ ತಪ್ಪಿದರೆ ಏನಾಗುವುದೆಂಬುದಕ್ಕೆ ಒಂದು ನಿಜವಾದ ನಿದರ್ಶನವಿದೆ. 1980ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ ಪೋರ್ಟರ್ ಮತ್ತು ಜಿಕ್ ಎಂಬವರ ಐದೇ ವಾಕ್ಯಗಳ ಪತ್ರ ಅಚ್ಚಾಯಿತು. ಆಸ್ಪತ್ರೆಯಲ್ಲಿದ್ದು ಅಫೀಮುವರ್ಗದ ನೋವುನಿವಾರಕ ಪಡೆದ 11,882 ರೋಗಿಗಳಲ್ಲಿ, ಹಿಂದೆ ವ್ಯಸನವಿಲ್ಲದೆ ಹೊಸದಾಗಿ ವ್ಯಸನಕ್ಕೆ ಒಳಗಾದವರು ನಾಲ್ವರು ಮಾತ್ರ ಎಂಬುದು ಅದರ ಸಾರ. ಮುಂದೆ ಬರೆದವರು ಈ ಪತ್ರವನ್ನು ಮತ್ತೆ ಮತ್ತೆ ಉಲ್ಲೇಖಿಸಿದರು. 2017ರಲ್ಲಿ ಅದೇ ಪತ್ರಿಕೆಯಲ್ಲಿ ಕೆನಡಾದ ಸಂಶೋಧಕರು ಅಂಥ 608 ಉಲ್ಲೇಖಗಳನ್ನು ಪರಿಶೀಲಿಸಿ ವರದಿ ಮಾಡಿದರು. ಶೇಕಡ 72ರಷ್ಟು ಲೇಖಕರು ಆ ಪತ್ರವನ್ನು ವ್ಯಸನ ವಿರಳವೆಂಬುದಕ್ಕೆ ಆಧಾರವಾಗಿ ಹಿಡಿದಿದ್ದರು. ಆ ರೋಗಿಗಳು ಆಸ್ಪತ್ರೆಯಲ್ಲಿ ಇದ್ದವರೆಂಬುದನ್ನು ಶೇಕಡ 80ಕ್ಕಿಂತ ಹೆಚ್ಚು ಮಂದಿ ಹೇಳಿರಲೇ ಇಲ್ಲ. ಉತ್ತರ ಅಮೆರಿಕದಲ್ಲಿ ಈ ಔಷಧಗಳ ವ್ಯಸನ ಮಹಾವಿಪತ್ತಾಗಿ ಬೆಳೆಯಲು ಇಂಥ ಉಲ್ಲೇಖಗಳೂ ನೆರವಾದುವೆಂಬುದು ಆ ಸಂಶೋಧಕರ ಅಭಿಪ್ರಾಯ. ಮನೆಯಲ್ಲಿ ತಿಂಗಳುಗಟ್ಟಲೆ ಅದೇ ಔಷಧ ಸೇವಿಸುವವರಿಗೆ ಆ ಪತ್ರ ಏನನ್ನೂ ಹೇಳಿರಲಿಲ್ಲ. 'ಆಸ್ಪತ್ರೆಯಲ್ಲಿದ್ದ' ಎಂಬ ಒಂದು ವಿಶೇಷಣ ಬಿದ್ದುಹೋದುದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ನಮ್ಮ ವಿದ್ಯಾರ್ಥಿಯ ಲೇಖನದಲ್ಲಿ ಬಿಟ್ಟುಹೋಗಿದ್ದುದೂ ಇಂಥ ವಿಶೇಷಣವೇ.

ಹೀಗಿರುವಲ್ಲಿ ಸಂಶೋಧಕರು ಅನುಸರಿಸಬಹುದಾದ ಅಭ್ಯಾಸಕ್ರಮ ಕಷ್ಟವಾದುದಲ್ಲ. ಉಲ್ಲೇಖಿಸುವ ಲೇಖನವನ್ನು ಮೂಲದಲ್ಲಿಯೇ ಓದಬೇಕು. ಮೊದಲು ಕೋಷ್ಟಕಗಳನ್ನು ಸಿದ್ಧಪಡಿಸಿಕೊಂಡು, ಅವು ಹೇಳುವಷ್ಟನ್ನೇ ಬರೆಯಬೇಕು. ಪರರ ವಾಕ್ಯ ಚೆನ್ನಾಗಿದೆಯೆಂದು ಎತ್ತಿಕೊಳ್ಳದೆ, ಪುಸ್ತಕ ಮುಚ್ಚಿಟ್ಟು ಸ್ವಂತ ಮಾತಿನಲ್ಲಿ ಬರೆಯಬೇಕು. ಹಾಗೆ ಬರೆದರೂ ಮೂಲವನ್ನು ಹೇಳಬೇಕು. ಬರೆದುದನ್ನು ಗಟ್ಟಿಯಾಗಿ ಓದಬೇಕು; ಸಂದೇಹ ಬಂದಲ್ಲಿ ಮಾತೃಭಾಷೆಯಲ್ಲಿ ಹೇಳಿ ನೋಡಬೇಕು. ಅಲ್ಲಿ ನಿಲ್ಲದ ಅರ್ಥ ಇಂಗ್ಲಿಷಿನಲ್ಲಿಯೂ ನಿಲ್ಲದು.

ಅಧ್ಯಾಪಕ ಬಂಧುಗಳಲ್ಲಿ ನನ್ನದೊಂದು ವಿನಂತಿ. ವಿಜ್ಞಾನದ ತರಗತಿಯಲ್ಲಿ ಮಕ್ಕಳು ಪ್ರಯೋಗದ ವಿವರವನ್ನು ಕರಿಹಲಗೆಯಿಂದ ನಕಲು ಮಾಡದೆ, ತಾವು ಕಂಡಷ್ಟನ್ನೇ ತಮ್ಮ ಮಾತಿನಲ್ಲಿ ಬರೆಯಲಿ. ದಾನಿಗಳು ಗ್ರಂಥಾಲಯಕ್ಕೆ ಒಳ್ಳೆಯ ನಿಘಂಟುಗಳನ್ನೂ ವಿಜ್ಞಾನದ ನಿಯತಕಾಲಿಕೆಗಳನ್ನೂ ಒದಗಿಸಿದರೆ ಮಹೋಪಕಾರವಾಗುವುದು.

ಆ ಹಳೆಯ ವಿದ್ಯಾರ್ಥಿ ಲೇಖನವನ್ನು ತಿದ್ದಿ ಮತ್ತೆ ಕಳುಹಿಸಿದ್ದಾರೆ. ಪತ್ರಿಕೆಯ ಉತ್ತರ ಇನ್ನೂ ಬಂದಿಲ್ಲ. ಆದರೆ ಕನ್ನಡದಲ್ಲಿ ಓದಿದ್ದು ತಪ್ಪಾಯಿತೇ ಎಂಬ ಪ್ರಶ್ನೆಯನ್ನು ಅವರು ಈಗ ಕೇಳುತ್ತಿಲ್ಲ.